ತೊಂಡೇಬಾವಿಯ ಮಹಡಿ ಕಿಟಕಿ

"ಇದು ಸ್ಕ್ರೀನ್‌ಶಾಟ್ ಅಲ್ಲ," ಎಂದಳು ತನುಜ. "ಲ್ಯಾಪ್‌ಟಾಪ್ ಮುಂದೆ ಕೂತ್ಕೊಂಡು ಫೋನಲ್ಲಿ ತೆಗೆದಿರೋ ಫೋಟೋ. ಇದನ್ನ ದೊಡ್ಡದು ಮಾಡಿ ನೋಡ್ಲೇ ಇಲ್ವಾ ನೀವು?"

ಸಿದ್ಧಾರ್ಥ್ ತಲೆ ಎತ್ತಲಿಲ್ಲ. "ಪಾಯಿಂಟ್ಸ್ ಎಷ್ಟಿದೆ ಅಂತ ಮಾತ್ರ ನೋಡ್ದೆ ಮೇಡಂ. ಬೇರೇದೇನೂ ನೋಡ್ಲಿಲ್ಲ."

ಶಿಡ್ಲಘಟ್ಟದ ಆ ಮನೆಯ ನಡುವೆ ಕೇರಂ ಬೋರ್ಡು ಸ್ಟ್ಯಾಂಡಿನ ಮೇಲೆ ಹಾಗೇ ಇತ್ತು. ಅದರ ಹಿಂದೆ, ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ, ಸಿದ್ಧಾರ್ಥನ ತಂಗಿ ಕವಿತ ಕೈ ಕಟ್ಟಿಕೊಂಡು ನಿಂತಿದ್ದಳು. ಶಾಲೆಯಲ್ಲಿ ಗಣಿತ ಕಲಿಸುವ ಹುಡುಗಿ. ಸಂಜೆಯಾದರೆ ಕೇರಂ. ರಾಜ್ಯದ ಪದಕಗಳನ್ನು ಗೆದ್ದವಳು. ಈ ಸಲ ಕೊಲಂಬೊದಿಂದ ಆಹ್ವಾನ ಬಂದಿತ್ತು.

ಆದರೆ ಸೋಮವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವಳ ಟಿಕೆಟ್ಟು ರದ್ದಾಗಿತ್ತು.

ಆ ಟಿಕೆಟ್ಟು ಬಂದದ್ದು ಹೀಗೆ. ಪದೇಪದೇ ವಿಮಾನ ಹತ್ತುವವರಿಗೆ ವಿಮಾನ ಕಂಪನಿ ಪಾಯಿಂಟ್ಸ್ ಕೊಡುತ್ತದೆ. ಸಾಕಷ್ಟು ಕೂಡಿದರೆ ಅದರಲ್ಲೇ ಟಿಕೆಟ್ಟು ಮಾಡಿಸಬಹುದು. ಫೋನಿನ ಗುಂಪೊಂದರಲ್ಲಿ 'ಹಕ್ಕಿ' ಎಂಬ ಹೆಸರಿನವರು ತಮ್ಮ ಪಾಯಿಂಟ್ಸನ್ನು ಅರ್ಧ ಬೆಲೆಗೆ ಮಾರುತ್ತಿದ್ದರು. ಸಿದ್ಧಾರ್ಥ್ ಕೊಂಡ. ಕವಿತಳ ಹೆಸರಿಗೂ ತಾಯಿ ಅಶ್ವತ್ಥಮ್ಮನವರ ಹೆಸರಿಗೂ ಟಿಕೆಟ್ಟುಗಳು ಬಂದವು. ನಕಲಿಯಲ್ಲ, ಅಸಲಿ ಟಿಕೆಟ್ಟುಗಳೇ.

ಅಷ್ಟರಲ್ಲಿ ಗೌರಿಬಿದನೂರಿನ ಮೋಹನ್‌ಬಾಬು ಎಂಬಾತ, ತನ್ನ ಖಾತೆಯಿಂದ ಯಾರೋ ಪಾಯಿಂಟ್ಸ್ ಕದ್ದಿದ್ದಾರೆ ಎಂದು ಚಿಕ್ಕಬಳ್ಳಾಪುರದ ಸೈಬರ್ ಠಾಣೆಗೆ ದೂರು ಕೊಟ್ಟ. ಕದ್ದ ಪಾಯಿಂಟ್ಸಿನಲ್ಲಿ ಹೊರಟಿದ್ದ ಪ್ರಯಾಣಿಕರು ಯಾರು? ಕವಿತ ಮತ್ತು ಅಶ್ವತ್ಥಮ್ಮ. ಸಬ್‌ಇನ್ಸ್‌ಪೆಕ್ಟರ್ ತನುಜಳ ಕೈಗೆ ಬಂದಾಗ ಪ್ರಕರಣ ಇದ್ದದ್ದು ಅಷ್ಟೇ.

"ಮೇಡಂ, ನಮ್ಮ ಕ್ಲಬ್ಬಿನೋರು ಹೊಸ ಟಿಕೆಟ್ ಮಾಡಿಸ್ತೀವಿ ಅಂತಾವ್ರೆ," ಎಂದಳು ಕವಿತ. "ನಾಳೆ ಬೆಳಿಗ್ಗೆ ಹೊರಟ್ರೂ ಮೊದಲನೇ ಮ್ಯಾಚಿಗೆ ಸಿಗ್ತೀನಿ. ನೀವು ಹೋಗು ಅಂದ್ರೆ ಸಾಕು."

"ನಾನು ಅನ್ನಬಹುದು ಕವಿತ. ಆದ್ರೆ ಕದ್ದೋರು ಯಾರು ಅಂತ ಗೊತ್ತಾಗೋ ತನಕ ನಿಮ್ಮನ್ನ ದೇಶ ಬಿಟ್ಟು ಕಳಿಸೋ ಹಾಗಿಲ್ಲ ಅಂತಾರೆ ನಮ್ಮ ಇನ್ಸ್‌ಪೆಕ್ಟರು."

ಅಶ್ವತ್ಥಮ್ಮ ಒಳಗಿನಿಂದ ಟೀ ತಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮಗನ ಕಡೆ ನೋಡದೆ ಲೋಟ ಇಟ್ಟರು. "ಕೌಂಟರಲ್ಲಿ ನಿಂತಿದ್ದಾಗ ಹಿಂದೆ ಇದ್ದೋರೆಲ್ಲ ನಮ್ಮನ್ನೇ ನೋಡ್ತಿದ್ರಮ್ಮ. ಆ ಹುಡುಗಿ, ಪಕ್ಕಕ್ಕೆ ಬನ್ನಿ, ನಿಮ್ಮ ಮೇಲೆ ಕಂಪ್ಲೇಂಟ್ ಇದೆ ಅಂದ್ಲು. ಇವಳು ಒಂದ್ ಮಾತಾಡ್ಲಿಲ್ಲ. ಬ್ಯಾಗ್ ಎತ್ಕೊಂಡು ಪಕ್ಕಕ್ಕೆ ಬಂದ್ಲು."

"ದುಡ್ಡು ಹೋದ ಖಾತೆ ಯಾರದ್ದು ಅಂತ ಬ್ಯಾಂಕಿನೋರು ಹೇಳ್ಲಿಲ್ವಾ ಮೇಡಂ?" ಎಂದು ಸಿದ್ಧಾರ್ಥ್ ಕೇಳಿದ.

"ಕಾಗದ ಬರೆದಿದೀವಿ. ಉತ್ತರಕ್ಕೆ ಇನ್ನೂ ಟೈಮ್ ಬೇಕು. ನೀವು ದುಡ್ಡು ಕಳಿಸಿದಾಗ ಫೋನಲ್ಲಿ ಕಾಣಿಸಿದ್ದು ಕದಿರಮ್ಮ ಅಂತ ಒಂದು ಹೆಸರು ಅಷ್ಟೇ."

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಕೋನಪ್ಪ ನಕ್ಕರು. "ನಮ್ಮ ಸೀಮೇಲಿ ಕದಿರಮ್ಮ ಅಂತ ಕೂಗಿದ್ರೆ ಬೀದಿಗಿಬ್ಬರು ತಿರುಗಿ ನೋಡ್ತಾರೆ ಮೇಡಂ."

ತನುಜ ಫೋಟೋವನ್ನು ಮತ್ತೆ ಹಿಗ್ಗಿಸಿದಳು. ತನ್ನ ಬಳಿ ಪಾಯಿಂಟ್ಸ್ ನಿಜವಾಗಿ ಇವೆ ಎಂದು ತೋರಿಸಲು 'ಹಕ್ಕಿ' ಕಳಿಸಿದ್ದ ಚಿತ್ರ ಅದು. ಪುಟದ ಮೇಲ್ಭಾಗ ದಟ್ಟ ನೀಲಿ. ಆ ನೀಲಿಯಲ್ಲಿ ಏನೋ ಮಬ್ಬಾಗಿ ಹೊಳೆಯುತ್ತಿತ್ತು. ಚೌಕಾಕಾರದ ಬೆಳಕು, ಅಡ್ಡ ಕಂಬಿಗಳು. ಕೂತವರ ಬೆನ್ನ ಹಿಂದಿನ ಕಿಟಕಿ ಅದು. ಕಂಬಿಗಳ ಆಚೆ ಹಳದಿಯ ಒಂದು ತುಂಡು, ಅದರ ಮೇಲೆ ಕಪ್ಪು ಗೀಟುಗಳು.

"ಇದೇನು, ತೆಲುಗಾ?" ಎಂದಳು.

ಕೋನಪ್ಪ ಬಗ್ಗಿ ನೋಡಿದರು. "ತೆಲುಗು ಅಲ್ಲ ಮೇಡಂ. ಯಾವ ಭಾಷೇನೋ ಗೊತ್ತಾಗ್ತಿಲ್ಲ."

ಕವಿತ ಹತ್ತಿರ ಬಂದಳು. "ಗಾಜಲ್ಲಿ ಕಾಣೋದು ಉಲ್ಟಾ ಅಲ್ವಾ? ತಿರುಗಿಸಿ ನೋಡಣ."

ಸಿದ್ಧಾರ್ಥ್ ಚಿತ್ರವನ್ನು ಎಡಬಲ ಮಾಡಿದ. ನಾಲ್ವರೂ ಒಂದೇ ಫೋನಿನ ಮೇಲೆ ಬಗ್ಗಿದರು. ಕಿಟಕಿಯ ಕಂಬಿಯೊಂದು ಅಕ್ಷರಗಳನ್ನು ಅರ್ಧಕ್ಕೆ ಕತ್ತರಿಸಿತ್ತು. ಉಳಿದ ಅರ್ಧ ಕನ್ನಡ. 'ಬಾವಿ'.

"ಹಳದಿ ಬೋರ್ಡು, ಕಪ್ಪು ಅಕ್ಷರ," ಎಂದರು ಕೋನಪ್ಪ. "ರೈಲ್ವೆ ಸ್ಟೇಷನ್ ಬೋರ್ಡು ಮೇಡಂ. ಈ ಕಡೆ ಬಾವಿ ಅಂತ ಮುಗಿಯೋ ಸ್ಟೇಷನ್ ನಂಗೆ ಗೊತ್ತಿರೋದು ಒಂದೇ."

"ತೊಂಡೇಬಾವಿ," ಎಂದಳು ಕವಿತ.

ತನುಜ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ ನೋಡಿದಳು. "ಬ್ಯಾಗ್ ಬಿಚ್ಚಿದೀರಾ ಕವಿತ?"

"ಇಲ್ಲ ಮೇಡಂ."

"ಬಿಚ್ಚಬೇಡಿ."

* * *

ಚಿಕ್ಕಬಳ್ಳಾಪುರ ದಾಟಿ ಮಂಚೇನಹಳ್ಳಿ ಕಡೆಗೆ ಜೀಪು ತಿರುಗಿದಾಗ ಬಿಸಿಲು ಏರಿತ್ತು. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ ತೋಟ, ಅದು ಮುಗಿದರೆ ಜೋಳ.

"ನಂಗೊಂದು ಅರ್ಥ ಆಗಲ್ಲ ಮೇಡಂ," ಎಂದರು ಕೋನಪ್ಪ, ಸ್ಟೀರಿಂಗ್ ಹಿಡಿದೇ. "ಪಾಯಿಂಟ್ಸ್ ಆತನದ್ದು. ಆತ ಮಾರಿದ್ರೆ ಕಂಪನಿಗೇನು ಕಷ್ಟ?"

"ಆತನದ್ದು ಅಂತ ನಾವು ಅನ್ಕೋತೀವಿ. ಕಂಪನಿ ಹಂಗೆ ಅನ್ಕೊಳ್ಳಲ್ಲ. ಅವರ ನಿಯಮದ ಪ್ರಕಾರ ಅದು ಅವರು ಕೊಟ್ಟಿರೋ ಉಡುಗೊರೆ. ಮನೆಯವರಿಗೆ ಟಿಕೆಟ್ ಮಾಡಿಸ್ಕೋಬಹುದು. ದುಡ್ಡಿಗೆ ಮಾರೋ ಹಾಗಿಲ್ಲ. ಮಾರಿದ್ದು ಗೊತ್ತಾದ್ರೆ ಟಿಕೆಟ್ ರದ್ದು, ಖಾತೆ ಬಂದ್."

"ಕೊಂಡೋರ ದುಡ್ಡು?"

"ಅದನ್ನ ಯಾರ ಹತ್ರ ಕೇಳ್ತಾರೆ? ಕಂಪನಿ, ನಾವು ನಿಮಗೆ ಏನೂ ಮಾರಿಲ್ಲ ಅನ್ನುತ್ತೆ. ಮಾರಿದೋರು ಫೋನ್ ಎತ್ತಲ್ಲ. ಕದ್ದ ಪಾಯಿಂಟ್ಸ್ ಆಗಿದ್ರಂತೂ ಮೊದಲು ಸಿಕ್ಕಿಬೀಳೋದು ಟಿಕೆಟ್ ಮೇಲೆ ಯಾರ ಹೆಸರಿರುತ್ತೋ ಅವರೇ."

ಕೋನಪ್ಪ ಗೇರ್ ಬದಲಿಸಿದರು. "ಆ ಹುಡುಗಿ ಕಳ್ಳಿ ಅಲ್ಲ ಮೇಡಂ."

"ನಂಗೂ ಗೊತ್ತು. ಗೊತ್ತಿದ್ರೆ ಸಾಲದಲ್ಲ."

ತೊಂಡೇಬಾವಿ ಸ್ಟೇಷನ್ನಿನಲ್ಲಿ ರೈಲು ಇರಲಿಲ್ಲ. ಪ್ಲಾಟ್‌ಫಾರಂ ತುದಿಯ ಹಳದಿ ಬೋರ್ಡಿಗೆ ಬೆನ್ನು ಕೊಟ್ಟು ನಿಂತು ತನುಜ ಊರಿನ ಕಡೆ ನೋಡಿದಳು. ಆ ಬೋರ್ಡು ಕಾಣುವ ಎತ್ತರದಲ್ಲಿ ಇದ್ದ ಕಿಟಕಿಗಳು ಹೆಚ್ಚಿಲ್ಲ. ಒಂದಕ್ಕೆ ಕಂಬಿಯೇ ಇರಲಿಲ್ಲ. ಇನ್ನೊಂದರ ಮುಂದೆ ಬೇವಿನ ಮರ. ಉಳಿದದ್ದು ಬೀಜ, ಗೊಬ್ಬರದ ಅಂಗಡಿಯ ಮಹಡಿ. ಅಡ್ಡ ಕಂಬಿ, ತೆರೆದ ಬಾಗಿಲು, ಒಳಗೆ ತಿರುಗುತ್ತಿದ್ದ ಫ್ಯಾನು.

ಅಂಗಡಿಯ ಹಿಂದೆ ಹಸಿರು ನೆರಳು ಪರದೆಯ ಕೆಳಗೆ ಟೊಮೆಟೊ ಸಸಿಗಳ ಟ್ರೇಗಳು ಸಾಲಾಗಿದ್ದವು. ಇಬ್ಬರು ಹೆಂಗಸರು ನೀರು ಚಿಮುಕಿಸುತ್ತಿದ್ದರು. ಮೇಡಂ ಮೇಲಿದ್ದಾರೆ ಎಂದು ಅವರೇ ಮೆಟ್ಟಿಲು ತೋರಿಸಿದರು.

* * *

ಮಹಡಿಯ ಕೋಣೆಯಲ್ಲಿ ಮೇಜಿನ ಹಿಂದೆ ಕೂತಿದ್ದ ಹೆಂಗಸಿಗೆ ನಲವತ್ತರ ಆಸುಪಾಸು. ನೂಲಿನ ಸೀರೆ, ಕೈಯಲ್ಲಿ ಸಸಿಯ ಮಣ್ಣು. ಎದುರಿಗೆ ಲ್ಯಾಪ್‌ಟಾಪ್.

"ಬನ್ನಿ. ಸಸಿ ಬೇಕಿತ್ತಾ?"

"ಕದಿರಮ್ಮ ಅನ್ನೋರು ಇಲ್ಲಿದ್ದಾರಾ?" ಎಂದಳು ತನುಜ. ಅವಳು ಸಮವಸ್ತ್ರದಲ್ಲಿರಲಿಲ್ಲ.

"ನಮ್ಮತ್ತೆ. ಗೌರಿಬಿದನೂರಲ್ಲಿ ಮನೇಲಿದ್ದಾರೆ. ನಾನು ಶೋಭಾರಾಣಿ. ಏನ್ ಕೆಲಸ ಅವರ ಹತ್ರ?"

ತನುಜಳ ಕಣ್ಣು ಗೋಡೆಯ ಮೇಲಿನ ಫೋಟೋ ಮೇಲಿತ್ತು. ಶೋಭಾರಾಣಿಯ ಪಕ್ಕ ಕೋಟು ತೊಟ್ಟು ನಿಂತಿದ್ದ ಗಂಡಸನ್ನು ಅವಳು ಬಲ್ಲಳು. ಹೋದ ವಾರ ಠಾಣೆಯಲ್ಲಿ, ಅವಳ ಎದುರಿನ ಕುರ್ಚಿಯಲ್ಲಿ ಕೂತು, ನನ್ನ ಪಾಯಿಂಟ್ಸ್ ಕದ್ದವರನ್ನು ಹಿಡಿದುಕೊಡಿ ಎಂದಿದ್ದವನು.

"ಇವರು?"

"ನಮ್ಮನೆಯವರು. ಮೋಹನ್‌ಬಾಬು ಅಂತ. ಕುಡುಮಲಕುಂಟೆ ಫ್ಯಾಕ್ಟರೀಲಿ ಮ್ಯಾನೇಜರು."

ತನುಜ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಪಕ್ಕದಲ್ಲಿ ಫೋನು, ಫೋನಿನಲ್ಲಿ 'ಹಕ್ಕಿ' ಕಳಿಸಿದ್ದ ಫೋಟೋ.

ಶೋಭಾರಾಣಿ ಫೋಟೋ ನೋಡಿದಳು. ಎದ್ದು ಹೋಗಿ ಕಿಟಕಿ ಮುಚ್ಚಿದಳು. ಮುಚ್ಚಿದ ಮೇಲೆ ಅದರಿಂದ ಏನೂ ಆಗದು ಎಂದು ಹೊಳೆಯಿತೇನೋ, ಮತ್ತೆ ತೆರೆದಳು.

"ಕೂತ್ಕೊಳ್ಳಿ," ಎಂದಳು, ಸಣ್ಣ ದನಿಯಲ್ಲಿ.

"ಹಕ್ಕಿ ಅಂದ್ರೆ ನೀವೇ."

"ಹೌದು."

"ನಿಮ್ಮೆಜಮಾನರು ಕಂಪ್ಲೇಂಟ್ ಕೊಟ್ಟಿರೋದು ಗೊತ್ತಾ?"

"ಗೊತ್ತು. ಕೊಟ್ಟು ಬಂದ್ಮೇಲೆ, ಊಟಕ್ಕೆ ಕೂತಾಗ ಹೇಳಿದ್ರು. ಯಾರೋ ಶಿಡ್ಲಘಟ್ಟದ ಹುಡುಗೀನಂತೆ, ಕಳ್ಳಿ, ಸಿಕ್ಕಿಬೀಳ್ತಾಳೆ ಬಿಡು ಅಂದ್ರು. ನಾನು ಎದ್ದು ಕೈ ತೊಳ್ಕೊಂಡೆ."

"ಆಗ್ಲೇ ಹೇಳಬಹುದಿತ್ತು."

"ಹೇಳ್ಬೇಕು ಅಂತ ದಿನಾ ಅನ್ಕೋತೀನಿ. ಅವರು ಚಪ್ಪಲಿ ಬಿಚ್ಚೋ ಸದ್ದು ಕೇಳಿದ ತಕ್ಷಣ ಧೈರ್ಯ ಹೋಗುತ್ತೆ." ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಹೊಡೆಯೋರಲ್ಲ ಮೇಡಂ ಅವರು. ಆದ್ರೆ ಪೊಲೀಸ್ ಸ್ಟೇಷನ್‌ವರೆಗೂ ಹೋಗಿ ಬಂದವ್ರೆ. ಹೆಂಡ್ತೀನೇ ಅಂತ ಗೊತ್ತಾದ್ರೆ ತಲೆ ಎತ್ತಿ ನಡೆಯೋದು ಹೆಂಗೆ?"

"ಮಾರಿದ್ದು ಯಾಕೆ?"

ಶೋಭಾರಾಣಿ ಕೆಳಗಿನ ನೆರಳು ಪರದೆಯ ಕಡೆ ನೋಡಿದಳು.

"ಅವರು ಫ್ಯಾಕ್ಟರಿ ಕೆಲಸಕ್ಕೆ ಪುಣೆ, ದೆಹಲಿ, ಸಿಂಗಪುರ ಅಂತ ಓಡಾಡ್ತಾನೇ ಇರ್ತಾರೆ. ನಾನು ಏರ್‌ಪೋರ್ಟ್ ಬಾಗಿಲವರೆಗೆ ಹೋಗಿದ್ದೀನಿ. ಒಳಗೆ ಹೋಗಿಲ್ಲ. ಕೇಳಿದಾಗಲೆಲ್ಲ ಮುಂದಿನ ವರ್ಷ ಅಂತಾರೆ. ಅವರ ಹಳೇ ನಂಬರು ಈಗ ನಮ್ಮಂಗಡಿ ಫೋನಲ್ಲಿದೆ. ಕಂಪನಿ ಮೆಸೇಜ್‌ಗಳೆಲ್ಲ ಅದಕ್ಕೇ ಬರ್ತವೆ. ನಿಮ್ಮ ಪಾಯಿಂಟ್ಸ್ ಅವಧಿ ಮುಗೀತಾ ಇದೆ, ಬಳಸಿ ಅಂತ. ಅವರಿಗೆ ತೋರಿಸ್ದೆ. ಹೋದ್ರೆ ಹೋಗ್ಲಿ ಬಿಡು ಅಂದ್ರು."

"ಹೋಗೋದನ್ನ ಮಾರಿದ್ರೆ ತಪ್ಪೇನು ಅನ್ನಿಸ್ತು ನಿಮಗೆ."

"ಹೌದು ಮೇಡಂ. ಈ ನರ್ಸರಿ ಹಾಕೋ ಆಸೆ ಬಹಳ ದಿನದಿಂದ ಇತ್ತು. ಅವರ ಹತ್ರ ಕೈ ಚಾಚೋಕೆ ಇಷ್ಟ ಇರ್ಲಿಲ್ಲ. ಅತ್ತೆ ಖಾತೆ ನಾನೇ ನೋಡ್ಕೊಳ್ಳೋದು, ಅದಕ್ಕೆ ದುಡ್ಡು ಹಾಕಿಸ್ಕೊಂಡೆ. ಮೋಸ ಮಾಡ್ಬೇಕು ಅಂತ ಇರ್ಲಿಲ್ಲ. ಟಿಕೆಟ್ ನಿಜವಾಗ್ಲೂ ಮಾಡಿಸ್ಕೊಟ್ಟೆ. ಮಾರೋ ಹಾಗಿಲ್ಲ ಅಂತ ನಂಗೆ ಯಾರೂ ಹೇಳ್ಲಿಲ್ಲ."

ಕೋನಪ್ಪ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ತನುಜ ಸ್ವಲ್ಪ ಮುಂದೆ ಬಗ್ಗಿದಳು.

"ಆ ಹುಡುಗಿ ಹೆಸರು ಕವಿತ. ಕೇರಂ ಆಡ್ತಾಳೆ. ಅವಳೂ ಇದುವರೆಗೂ ವಿಮಾನ ಹತ್ತಿಲ್ಲ. ಮೊದಲನೇ ಸಲ ಏರ್‌ಪೋರ್ಟ್ ಒಳಗೆ ಹೋದ್ಲು. ಕೌಂಟರಲ್ಲಿ ಎಲ್ಲರೆದುರಿಗೆ ಕಳ್ಳಿ ಅನ್ನಿಸ್ಕೊಂಡು ವಾಪಸ್ ಬಂದ್ಲು."

ಶೋಭಾರಾಣಿ ಲ್ಯಾಪ್‌ಟಾಪ್ ಮುಚ್ಚಿದಳು. ಕೆಳಗೆ ನೀರು ಚಿಮುಕಿಸುತ್ತಿದ್ದವರು ಯಾವುದೋ ಮದುವೆಯ ಸುದ್ದಿ ಹೇಳಿಕೊಂಡು ನಗುತ್ತಿದ್ದರು.

"ಆಟ ಮುಗಿದೋಯ್ತಾ?"

"ಇಲ್ಲ. ನಾಳೆ ಹೊರಟ್ರೆ ಸಿಗುತ್ತೆ. ಆದ್ರೆ ಕದ್ದಿಲ್ಲ ಅಂತ ಯಾರಾದ್ರೂ ಹೇಳ್ಬೇಕು. ಹೇಳೋಕಾಗೋದು ನಿಮ್ಮೊಬ್ಬರಿಗೇ."

ತನುಜ ಒತ್ತಾಯಿಸಲಿಲ್ಲ. ಬೆದರಿಸಿದರೆ ಈಕೆ ಬಾಗಿಲು ಹಾಕಿಕೊಳ್ಳುತ್ತಾಳೆ, ವಕೀಲರು ಬರುತ್ತಾರೆ, ನಾಳೆಯ ವಿಮಾನ ಹೋಗಿಬಿಡುತ್ತದೆ. ಸುಮ್ಮನೆ ಕೂತಳು. ಇಷ್ಟು ವರ್ಷದ ಕೆಲಸದಲ್ಲಿ ಅವಳಿಗೆ ಅತ್ಯಂತ ಕಷ್ಟವೆನಿಸಿದ್ದು ಹೀಗೆ ಸುಮ್ಮನೆ ಕೂರುವುದೇ.

ಶೋಭಾರಾಣಿ ಫೋನ್ ಎತ್ತಿಕೊಂಡಳು.

"ರೀ, ನಾನು. ಮೀಟಿಂಗಲ್ಲಿದ್ದೀರಾ? ... ಪರವಾಗಿಲ್ಲ, ಈಗ್ಲೇ ಹೇಳ್ಬೇಕು. ನಿಮ್ಮ ಪಾಯಿಂಟ್ಸ್ ಯಾರೂ ಕದ್ದಿಲ್ಲ. ನಾನೇ ಮಾರಿದ್ದು. ... ಹೌದು, ನಾನೇ. ಆ ಶಿಡ್ಲಘಟ್ಟದ ಹುಡುಗೀದು ಏನೂ ತಪ್ಪಿಲ್ಲ. ಪೊಲೀಸ್ ಮೇಡಂ ಇಲ್ಲೇ ಇದ್ದಾರೆ. ನಾನು ಹೇಳಿಕೆ ಕೊಡ್ತೀನಿ."

ಆ ಕಡೆ ಫ್ಯಾಕ್ಟರಿಯ ಯಂತ್ರಗಳ ಸದ್ದು. ಶೋಭಾರಾಣಿ ಕಣ್ಣು ಮುಚ್ಚಿಕೊಂಡು ಕಾದಳು. ಆಮೇಲೆ ಮೋಹನ್‌ಬಾಬುವಿನ ದನಿ ತನುಜಳಿಗೂ ಕೇಳುವಷ್ಟು ಹತ್ತಿರ ಬಂತು.

"ಆ ಹುಡುಗಿ ಯಾವತ್ತು ಹೊರಡ್ಬೇಕಂತೆ?"

"ನಾಳೆ."

"ಕಂಪ್ಲೇಂಟ್ ವಾಪಸ್ ತಗೋಬೇಕಂದ್ರೆ ನಾನು ಏನ್ ಮಾಡ್ಬೇಕು ಅಂತ ಮೇಡಂನ ಕೇಳು. ನಾನು ಬರ್ತಾ ಇದ್ದೀನಿ." ಸ್ವಲ್ಪ ತಡೆದು, "ನೀನು ಹೆದರ್ಕೋಬೇಡ," ಎಂದ.

ಫೋನ್ ಇಟ್ಟ ಮೇಲೆ ಶೋಭಾರಾಣಿ ಅತ್ತಳು. ಕೋನಪ್ಪ ಕೆಳಗೆ ಹೋಗಿ ನೀರು ತಂದು ಕೊಟ್ಟರು.

* * *

ಹೇಳಿಕೆ ಬರೆದು ಮುಗಿಯುವಷ್ಟರಲ್ಲಿ ಮೋಹನ್‌ಬಾಬು ಬಂದ. ಹೆಂಡತಿಯನ್ನು ಏನೂ ಕೇಳಲಿಲ್ಲ. ಅವಳ ಪಕ್ಕದಲ್ಲಿ ಕೂತು, ತನ್ನ ಹೇಳಿಕೆಯನ್ನೂ ಕೊಟ್ಟು ಸಹಿ ಹಾಕಿದ. ಎರಡನ್ನೂ ತನುಜ ಇನ್ಸ್‌ಪೆಕ್ಟರಿಗೆ ಕಳಿಸಿದಳು. ಹುಡುಗಿಯನ್ನು ಬಿಡಿ, ಉಳಿದದ್ದು ಆಮೇಲೆ ನೋಡೋಣ ಎಂದು ಉತ್ತರ ಬಂತು.

ಅವಳು ಶಿಡ್ಲಘಟ್ಟಕ್ಕೆ ಕರೆ ಮಾಡಿದಳು.

"ಕವಿತ, ಹೊರಡಿ."

"ಮೇಡಂ, ನಿಜವಾಗ್ಲೂ?"

"ನಿಜವಾಗ್ಲೂ. ಕ್ಲಬ್ಬಿನೋರಿಗೆ ಹೇಳಿ, ಟಿಕೆಟ್ ಕಂಪನೀಲೇ ನೇರವಾಗಿ ತಗೊಳ್ಳಲಿ. ಮಧ್ಯದಲ್ಲಿ ಯಾರೂ ಬೇಡ."

ಫೋನು ಅಶ್ವತ್ಥಮ್ಮನವರ ಕೈಗೆ ಹೋಯಿತು. "ನಂಗೆ ಟಿಕೆಟ್ ಬೇಡಮ್ಮ. ಅವಳೊಬ್ಬಳೇ ಹೋಗ್ಬರ್ತಾಳೆ. ಈ ನನ್ನ ಮಗ ಬೆಳಿಗ್ಗೆಯಿಂದ ಊಟ ಮಾಡಿಲ್ಲ. ಈಗ ತಿಂತಾನೆ." ಹಿಂದೆ ಎಲ್ಲೋ ಕೇರಂ ಬೋರ್ಡಿನ ಮೇಲೆ ಕಾಯಿಗಳು ಚದುರುವ ಸದ್ದು ಕೇಳಿತು. ಹುಡುಗಿ ಆಗಲೇ ಆಡಲು ಕೂತಿದ್ದಳು.

ತನುಜಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಮೂಡಿತು. ಕಾಗದಗಳನ್ನು ಜೋಡಿಸಿಕೊಳ್ಳುತ್ತಾ, ಮುಗಿಸುವ ಮುನ್ನ ಕೇಳಲೇಬೇಕಾದದ್ದನ್ನು ಕೇಳಿದಳು.

"ಇದನ್ನ ಬಿಟ್ಟು ಬೇರೆ ಯಾರ್ಯಾರಿಗೆ ಮಾರಿದ್ರಿ?"

"ಯಾರಿಗೂ ಇಲ್ಲ ಮೇಡಂ. ಆ ಅಣ್ಣತಂಗೀರಿಗೆ ಮಾತ್ರ."

ಮೋಹನ್‌ಬಾಬು ತಲೆ ಎತ್ತಿದ. "ಅದು ಹೆಂಗೆ? ಖಾತೆ ಪೂರ್ತಿ ಖಾಲಿಯಾಗಿದೆ. ಕೊಲಂಬೊ ಟಿಕೆಟ್ಟಿಗೆ ಅಷ್ಟೊಂದು ಬೇಕಾಗಲ್ಲ."

"ನಂಗೊತ್ತಿಲ್ಲ ರೀ. ದೇವರಾಣೆ ಗೊತ್ತಿಲ್ಲ."

ಕೋಣೆಯ ಗಾಳಿ ಬದಲಾಯಿತು. ತನುಜ ಮತ್ತೆ ಕೂತಳು. "ಶೋಭಾರಾಣಿ ಅವರೇ, ಪಾಯಿಂಟ್ಸ್ ಮಾರಬಹುದು ಅಂತ ನಿಮಗೆ ಹೇಳಿದ್ದು ಯಾರು?"

"ಚಿಂತಾಮಣೀಲಿ ರಮೇಶ್‌ಬಾಬು ಅಂತ ಇದ್ದಾರೆ. ಟ್ರಾವೆಲ್ಸ್ ಇಟ್ಕೊಂಡವ್ರೆ. ಅತ್ತೆಗೆ ಕಾಶಿ ಟಿಕೆಟ್ ಮಾಡಿಸಿದ್ದು ಅವರೇ. ಮಾತಿಗೆ ಮಾತು ಬಂದು ಕೇಳ್ದೆ. ಧಾರಾಳವಾಗಿ ಮಾರಬಹುದಮ್ಮ ಅಂದ್ರು. ಆ ಫೋನ್ ಗುಂಪು ಅವರದ್ದೇ. ಅವರೇ ನನ್ನ ಸೇರಿಸಿದ್ದು."

"ಪಾಸ್‌ವರ್ಡ್ ಕೊಟ್ರಾ?"

"ಹೋದ ವರ್ಷ ಗುಂಪಿಗೆ ಸೇರಿಸಿದಾಗ್ಲೇ ಹೇಳಿಕೊಡೋಕೆ ಅಂತ ಕೇಳಿದ್ರು, ಕೊಟ್ಟೆ." ಅವಳ ದನಿ ಕುಗ್ಗಿತು. "ಆಮೇಲೂ ಆಗಾಗ ಫೋನ್ ಮಾಡೋರು. ನಿಮ್ಮ ಮೊಬೈಲಿಗೆ ಒಂದು ನಂಬರು ಬರುತ್ತೆ, ಹೇಳಿ, ಖಾತೆ ಬಂದ್ ಆಗದಂಗೆ ನೋಡ್ಕೋತೀನಿ ಅನ್ನೋರು. ಹೇಳ್ತಿದ್ದೆ."

ಮೋಹನ್‌ಬಾಬು ಹಣೆ ಹಿಡಿದುಕೊಂಡ. ಬೈಯಲಿಲ್ಲ.

ತನುಜ ಕೋನಪ್ಪನವರ ಕಡೆ ನೋಡಿದಳು. ಇಬ್ಬರಿಗೂ ಒಂದೇ ಹೊಳೆದಿತ್ತು. ಈಕೆ ಮಾರಿದ್ದು ಎರಡು ಟಿಕೆಟ್ಟು. ಉಳಿದ ಪಾಯಿಂಟ್ಸನ್ನೆಲ್ಲ ರಮೇಶ್‌ಬಾಬು ಇದೇ ಖಾತೆಯಿಂದ, ಈಕೆಯ ಬಾಯಿಂದಲೇ ನಂಬರು ಕೇಳಿ, ಬೇರೆಯವರಿಗೆ ಮಾರಿದ್ದ. ಸಿಕ್ಕಿಬಿದ್ದರೆ ಸಿಕ್ಕಿಬೀಳುವವಳು ಶೋಭಾರಾಣಿ. ಇಲ್ಲವಾದರೆ ಕೊಂಡವರು.

ವಿಮಾನ ಕಂಪನಿಯ ದೂರು ವಿಭಾಗದ ಹರಿತಾ ಎಂಬ ಅಧಿಕಾರಿಯ ನಂಬರು ತನುಜಳ ಬಳಿ ಇತ್ತು. ಕರೆ ಮಾಡಿ, ಆ ಖಾತೆಯಿಂದ ಹಿಂದೆ ಯಾರ್ಯಾರು ಪ್ರಯಾಣ ಮಾಡಿದ್ದಾರೆ ಎಂದು ಕೇಳಿದಳು. ಇನ್ಸ್‌ಪೆಕ್ಟರ್ ಕಾಗದ ಬೆಳಿಗ್ಗೆಯೇ ಬಂದಿದೆ, ಹೇಳ್ತೀನಿ ಎಂದಳು ಹರಿತಾ.

"ಕೊಲಂಬೊದು ಬಿಟ್ಟು ಉಳಿದಿರೋದೆಲ್ಲ ಒಂದೇ ಗುಂಪು ಮೇಡಂ. ಹೋದ ಚಳಿಗಾಲದಲ್ಲಿ, ಬೆಂಗಳೂರಿಂದ ಗಯಾಗೆ. ಎಲ್ಲರೂ ಹಿರಿಯರೇ, ಎಲ್ಲರ ವಿಳಾಸನೂ ಚಿಂತಾಮಣಿ. ಹೆಸರು ಹೇಳ್ಲಾ? ಮೊದಲನೇದು ನಲ್ಲಪ್ಪ."

ತನುಜಳ ಪೆನ್ನು ನಿಂತಿತು.

"ಮೇಡಂ? ಕೇಳಿಸ್ತಾ?"

"ಕೇಳಿಸ್ತು," ಎಂದಳು. ಕರೆ ಮುಗಿಸಿದಳು.

"ಏನಾಯ್ತು ಮೇಡಂ?" ಎಂದರು ಕೋನಪ್ಪ.

"ನಲ್ಲಪ್ಪ ನಮ್ಮಪ್ಪ."

ಹೋದ ಚಳಿಗಾಲದಲ್ಲಿ ಅಪ್ಪ ಚಿಂತಾಮಣಿಯ ಬೌದ್ಧ ಸಂಘದ ಹಿರಿಯರ ಜೊತೆ ಗಯಾಗೆ ಹೋಗಿದ್ದರು. ಬೋಧಿವೃಕ್ಷದ ಒಂದು ಎಲೆ ತಂದು ಅವಳ ಅಂಗೈಯಲ್ಲಿ ಇಟ್ಟಿದ್ದರು. ಮೋಡದ ಮೇಲೆ ಕೂತಿದ್ದೆ ಕಣಮ್ಮ ಎಂದು ತಿಂಗಳುಗಟ್ಟಲೆ ಹೇಳಿದ್ದರು. ಟಿಕೆಟ್ಟು ಎಲ್ಲಿಂದ ಬಂತು ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

"ಇನ್ಸ್‌ಪೆಕ್ಟರಿಗೆ ಹೇಳ್ತೀರಾ?" ಕೋನಪ್ಪ ಮೆತ್ತಗೆ ಕೇಳಿದರು.

"ಈಗ್ಲೇ ಹೇಳ್ತೀನಿ. ಅದಕ್ಕೆ ಮುಂಚೆ ಅಪ್ಪನ್ನ ಒಂದು ಮಾತು ಕೇಳ್ಬೇಕು. ನಿಮ್ಮೆಲ್ಲರ ಮುಂದೇನೇ ಕೇಳ್ತೀನಿ." ಅವಳು ಫೋನನ್ನು ಮೇಜಿನ ಮೇಲೆ ಇಟ್ಟು ಸ್ಪೀಕರ್ ಒತ್ತಿದಳು. ಕೋನಪ್ಪ ತಮ್ಮ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕದಲ್ಲಿ ಇಟ್ಟರು.

"ಹೇಳಮ್ಮ," ಎಂದರು ನಲ್ಲಪ್ಪ. ಎಂದಿನ ಗೆಲುವಿನ ದನಿ.

"ಅಪ್ಪ, ಗಯಾಗೆ ಹೋಗಿದ್ರಲ್ಲ, ಟಿಕೆಟ್ ಯಾರು ಮಾಡಿಸಿದ್ದು?"

"ನಮ್ಮ ರಮೇಶ್‌ಬಾಬು ಕಣಮ್ಮ. ಎಲ್ಲರಿಗೂ ಕಡಿಮೇಲಿ ಮಾಡಿಸ್ಕೊಟ್ಟ. ಅವನು ಈಗ ಇಲ್ಲೇ ಕೂತವ್ನೆ. ಬಂದಾಗಿಂದ ನಿನ್ನೇ ಕೇಳ್ತಾ ಇದ್ದ. ಕೊಡ್ಲಾ?"

ತನುಜ ಮಾತಾಡುವ ಮೊದಲೇ ಫೋನು ಕೈ ಬದಲಾಯಿಸಿತು.

"ನಮಸ್ಕಾರ ಮೇಡಂ." ನಯವಾದ ದನಿ. "ಗೌರಿಬಿದನೂರಿನ ಕೇಸು ನಿಮ್ಮ ಕೈಲಿದೆ ಅಂತ ಕೇಳ್ಪಟ್ಟೆ. ನಿಮ್ಮ ತಂದೆಯವರು ವಿಮಾನ ಹತ್ತಿದ್ದೂ ಅದೇ ಖಾತೇಲಿ. ನಿಮಗೆ ಗೊತ್ತಿರ್ಲಿಲ್ಲ ಅಂತ ಕಾಣುತ್ತೆ. ದೊಡ್ಡೋರು, ಮರ್ಯಾದಸ್ಥರು. ಅವರ ಹೆಸರು ಪೇಪರಲ್ಲಿ ಬರೋದು ನಂಗೂ ಇಷ್ಟ ಇಲ್ಲ. ಆ ಶಿಡ್ಲಘಟ್ಟದ ಹುಡುಗೀಲೇ ಇದು ಮುಗಿದ್ರೆ ಎಲ್ಲರಿಗೂ ಒಳ್ಳೇದು."

"ಅದು ಆ ಹುಡುಗೀಲಿ ಮುಗಿಯಲ್ಲ ರಮೇಶ್‌ಬಾಬು," ಎಂದಳು ತನುಜ. "ಅವಳು ನಾಳೆ ಕೊಲಂಬೊಗೆ ಹೋಗ್ತಿದ್ದಾಳೆ. ನಮ್ಮಪ್ಪನ ಹೆಸರನ್ನ ಕೇಸಿನಲ್ಲಿ ನಾನೇ ಬರೀತೀನಿ. ಅದರ ಕೆಳಗೆ ನಿಮ್ಮದು."

ಆ ಕಡೆ ಕುರ್ಚಿ ಎಳೆದ ಸದ್ದು. ದೂರದಿಂದ ನಲ್ಲಪ್ಪನವರ ದನಿ, ಈಗ ಅದರಲ್ಲಿ ಗೆಲುವಿರಲಿಲ್ಲ.

"ಏನಂದೆ ರಮೇಶಾ? ಯಾವ ಹುಡುಗಿ? ನಮ್ಮನ್ನ ಕದ್ದ ಟಿಕೆಟ್ಟಲ್ಲಿ ಕರ್ಕೊಂಡೋಗಿದ್ದಾ ನೀನು?"

"ಏನಿಲ್ಲ ಸಾರ್, ನಾನು ಬರ್ತೀನಿ."

ಹೆಜ್ಜೆಗಳು. ಆಮೇಲೆ ಬಾಗಿಲಿನ ಚಿಲಕ ಬಿದ್ದ ಗಟ್ಟಿ ಸದ್ದು.

"ಕೂತ್ಕೊ," ಎಂದರು ನಲ್ಲಪ್ಪ. "ನನ್ನ ಮಗಳು ಬರೋ ತನಕ ನೀನು ಎಲ್ಲೂ ಹೋಗಲ್ಲ."

"ಅಪ್ಪ, ಬಾಗಿಲು ತೆಗೀರಿ, ಅವನು ಹೋಗ್ಲಿ ಬಿಡಿ," ಎಂದು ತನುಜ ಕೂಗಿದಳು. "ಅಪ್ಪ, ಕೇಳಿಸ್ತಾ?"

ಏನೋ ಭಾರವಾದದ್ದು ನೆಲಕ್ಕೆ ಉರುಳಿತು. ಕರೆ ಕಡಿಯಿತು.

ಕೋನಪ್ಪ ಚಿಂತಾಮಣಿ ಠಾಣೆಗೆ ಫೋನ್ ಹಚ್ಚುತ್ತಲೇ ಮೆಟ್ಟಿಲಿಳಿದು ಜೀಪಿನ ಕಡೆ ಓಡಿದರು. ತನುಜ ಅವರ ಹಿಂದೆ ಇಳಿಯುತ್ತಾ ಮತ್ತೆ ಅಪ್ಪನ ನಂಬರು ಒತ್ತಿದಳು.

ಫೋನು ಸ್ವಿಚ್ ಆಫ್ ಆಗಿತ್ತು.